ದಾದಿಗೆ ಒಂಬತ್ತು, ಮೊಮ್ಮಗಳಿಗೆ ಎರಡು: ಹೆರಿಗೆಗಳು ಕಡಿಮೆಯಾದದ್ದು ಹೇಗೆ?

ಮುಂದೆ ಓದುವ ಮೊದಲು ಬೆರಳು ಮಡಚಿ ಒಂದು ಸಣ್ಣ ಲೆಕ್ಕ ಮಾಡಿ. ನಿಮ್ಮ ದಾದಿ ಅಥವಾ ನಾನಿ ಎಷ್ಟು ಮಕ್ಕಳನ್ನು ಹೆತ್ತರು? ಬದುಕಿ ಉಳಿದವರನ್ನಷ್ಟೇ ಎಣಿಸಬೇಡಿ, ತೊಟ್ಟಿಲಲ್ಲೇ ತೀರಿಕೊಂಡವರನ್ನೂ ಸೇರಿಸಿ. ನಿಮ್ಮ ತಾಯಿ ಎಷ್ಟು ಹೆತ್ತರು? ನಿಮ್ಮ ಅಕ್ಕನಿಗೆ, ತಂಗಿಗೆ, ಅತ್ತಿಗೆಗೆ ಎಷ್ಟು ಮಕ್ಕಳು? ಹೆಚ್ಚಿನ ಮನೆಗಳಲ್ಲಿ ಮಡಚಿದ ಬೆರಳುಗಳು ತಲೆಮಾರಿನಿಂದ ತಲೆಮಾರಿಗೆ ಕಡಿಮೆಯಾಗುತ್ತಾ ಬಂದಿರುತ್ತವೆ.

ಇದು ನಮ್ಮೆಲ್ಲರ ಮನೆಯಲ್ಲೂ ನಡೆದ ಸಂಗತಿ. ಆದರೂ ಈ ಬಗ್ಗೆ ಮಾತು ಬಂದಾಗ ಎರಡೇ ದನಿಗಳು ಜೋರಾಗಿ ಕೇಳಿಸುತ್ತವೆ. ಹೊರಗಿನ ಒಂದು ದನಿ, ‘ಮುಸ್ಲಿಮರಿಗೆ ಮಕ್ಕಳು ಜಾಸ್ತಿ, ಅವರ ಸಂಖ್ಯೆ ಏರುತ್ತಲೇ ಇದೆ’ ಅನ್ನುತ್ತದೆ. ನಮ್ಮೊಳಗಿನ ಇನ್ನೊಂದು ದನಿ, ‘ಮಕ್ಕಳನ್ನು ಕಡಿಮೆ ಮಾಡಿಕೊಂಡವರ ಈಮಾನ್ ಕಡಿಮೆಯಾಗಿದೆ’ ಅನ್ನುತ್ತದೆ. ಈ ಎರಡೂ ದನಿಗಳಿಗೆ ಹೆತ್ತವಳನ್ನು ಒಂದು ಮಾತು ಕೇಳಬೇಕು ಅಂತ ಅನಿಸುವುದಿಲ್ಲ. ಹಾಗಾಗಿ ಇವತ್ತು ನಾವು ಅವಳ ಕಡೆಯಿಂದ ನೋಡೋಣ. ಅವಳ ಬದುಕಿನಲ್ಲಿ ಏನು ಬದಲಾಯಿತು? ಮಕ್ಕಳ ಸಂಖ್ಯೆ ಯಾಕೆ ಇಳಿಯಿತು?

ಇದಕ್ಕೆ ಪುಣೆ ನಗರವನ್ನೇ ಕಣ್ಣ ಮುಂದೆ ಇಟ್ಟುಕೊಳ್ಳೋಣ. ವಿಜಯಪುರ, ಕಲಬುರಗಿ, ಬೀದರ ಕಡೆಯಿಂದ ದುಡಿಯಲು ಹೋದವರಿಗೆ ಅದು ಎರಡನೇ ಊರು. ಹೆಣ್ಣಿನ ಓದು, ಮದುವೆ, ಹೆರಿಗೆ, ಈ ಮೂರರ ಬಗ್ಗೆಯೂ ಇಷ್ಟು ಜಗಳ ಆಡಿದ ಊರುಗಳು ನಮ್ಮ ದೇಶದಲ್ಲಿ ಕಡಿಮೆ.

ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಿ

ಇಂಡಿ ತಾಲೂಕಿನ ಒಂದು ಬಾಗವಾನ್ ಕುಟುಂಬ ಅಂತ ಇಟ್ಟುಕೊಳ್ಳಿ. ಇದು ಉದಾಹರಣೆಗಾಗಿ ನಾನು ಕಟ್ಟಿದ ಕುಟುಂಬ. ಆದರೆ ಇಂಥ ಹತ್ತಾರು ಮನೆಗಳು ನಿಮಗೆ ಗೊತ್ತಿರುತ್ತವೆ. ದಾದಿ ಹಳ್ಳಿಯಲ್ಲೇ ಇದ್ದವರು, ಲಿಂಬೆ ತೋಟದಲ್ಲಿ ಕಾಯಿ ಬಿಡಿಸುವ ಕೆಲಸ. ಹದಿಮೂರಕ್ಕೆ ನಿಕಾಹ್, ಒಂಬತ್ತು ಹೆರಿಗೆ, ಉಳಿದವರು ಐದು. ಮಗ ಲಿಂಬೆ ಲಾರಿಯ ಜೊತೆ ಪುಣೆಯ ಗುಲ್ಟೇಕಡಿ ಮಾರ್ಕೆಟ್ ಯಾರ್ಡಿಗೆ ಹೋಗಿ ಅಲ್ಲೇ ನೆಲೆ ನಿಂತ. ಅವನ ಹೆಂಡತಿ, ಅಂದರೆ ಅಮ್ಮಿ, ಏಳನೇ ಇಯತ್ತೆ ಓದಿದವರು. ಭವಾನಿ ಪೇಟೆಯ ಒಂದೇ ಕೋಣೆಯಲ್ಲಿ ನಾಲ್ಕು ಮಕ್ಕಳನ್ನು ಸಾಕಿದರು. ಅವರ ಮಗಳು ಬಿ.ಕಾಂ. ಮುಗಿಸಿ, ಇಪ್ಪತ್ತನಾಲ್ಕಕ್ಕೆ ಮದುವೆಯಾಗಿ, ಈಗ ಕೋಂಢವಾದಲ್ಲಿ ಇದ್ದಾಳೆ. ಅವಳಿಗೆ ಎರಡು ಮಕ್ಕಳು, ‘ಇಷ್ಟು ಸಾಕು’ ಅನ್ನುತ್ತಾಳೆ.

ಒಂಬತ್ತು, ನಾಲ್ಕು, ಎರಡು. ಮೂವರೂ ಒಂದೇ ಧರ್ಮದವರು, ಒಂದೇ ಮನೆತನದವರು, ಮೂವರೂ ಐದು ಹೊತ್ತು ನಮಾಜ್ ಮಾಡುವವರು. ಹಾಗಾದರೆ ಬದಲಾದದ್ದು ಏನು?

ಮೊದಲು ಪದದ ಅರ್ಥ

ಪತ್ರಿಕೆಗಳಲ್ಲಿ ‘ಫಲವತ್ತತೆ ದರ ಕುಸಿತ’ ಅಂತ ಓದಿದಾಗ ಹಲವರು ಹೆದರುತ್ತಾರೆ, ಹೆಂಗಸರಿಗೆ ಬಂಜೆತನ ಬರ್ತಾ ಇದೆಯೇನೋ ಅಂತ. ಜನಸಂಖ್ಯಾ ಶಾಸ್ತ್ರದಲ್ಲಿ ಆ ಪದಕ್ಕೆ ಅರ್ಥ ಬೇರೆ. ಒಬ್ಬ ಹೆಣ್ಣು 15ರಿಂದ 49 ವರ್ಷದವರೆಗೆ ಇವತ್ತಿನ ಜನನ ಪ್ರಮಾಣದಂತೆಯೇ ಹೆರುತ್ತಾ ಹೋದರೆ ಅವಳಿಗೆ ಸರಾಸರಿ ಎಷ್ಟು ಮಕ್ಕಳಾಗುತ್ತವೆ ಎಂಬುದೇ ಒಟ್ಟು ಫಲವತ್ತತೆ ದರ. ಹೆರುವ ಶಕ್ತಿಯನ್ನು ಅದು ಅಳೆಯುವುದಿಲ್ಲ, ಹೆತ್ತ ಮಕ್ಕಳನ್ನು ಎಣಿಸುತ್ತದೆ.

ಈ ದರ 2.1 ಇದ್ದರೆ ಒಂದು ತಲೆಮಾರು ತನ್ನಷ್ಟೇ ಜನರನ್ನು ಮುಂದಕ್ಕೆ ಬಿಟ್ಟು ಹೋಗುತ್ತದೆ. ತಾಯಿ-ತಂದೆಯ ಜಾಗಕ್ಕೆ ಇಬ್ಬರು, ಮೇಲಿನ ಚಿಲ್ಲರೆ ಯಾಕೆಂದರೆ ಕೆಲವು ಮಕ್ಕಳು ದೊಡ್ಡವರಾಗುವ ಮೊದಲೇ ತೀರಿಕೊಳ್ಳುತ್ತವೆ, ಮತ್ತು ಹುಟ್ಟುವಾಗ ಹೆಣ್ಣಿಗಿಂತ ಗಂಡು ಸ್ವಲ್ಪ ಹೆಚ್ಚು.

ಸ್ವಾತಂತ್ರ್ಯ ಬಂದ ಹೊಸದರಲ್ಲಿ ಭಾರತದ ಹೆಣ್ಣಿಗೆ ಸರಾಸರಿ ಆರರ ಆಸುಪಾಸು ಮಕ್ಕಳು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮೊದಲು ನಡೆದ 1992-93ರಲ್ಲಿ ಅದು 3.4ಕ್ಕೆ ಇಳಿದಿತ್ತು. 2019-21ರ ಐದನೇ ಸಮೀಕ್ಷೆಯಲ್ಲಿ 2.0. ಮಹಾರಾಷ್ಟ್ರ, ಕರ್ನಾಟಕ ಎರಡರಲ್ಲೂ 1.7.

ನಮ್ಮ ಸಮುದಾಯದ್ದು? ಅದೇ ಸಮೀಕ್ಷೆಗಳ ಪ್ರಕಾರ 1992-93ರಲ್ಲಿ ದೇಶದ ಮುಸ್ಲಿಮ್ ಹೆಣ್ಣಿಗೆ ಸರಾಸರಿ 4.4 ಮಕ್ಕಳು, ಹಿಂದೂ ಹೆಣ್ಣಿಗೆ 3.3. 2019-21ರಲ್ಲಿ ಮುಸ್ಲಿಮರಲ್ಲಿ 2.4, ಹಿಂದೂಗಳಲ್ಲಿ 1.9. ಅಂತರ ಇನ್ನೂ ಇದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ 1.1 ಮಗುವಿನಷ್ಟಿದ್ದ ಅಂತರ ಅರ್ಧ ಮಗುವಿಗಿಂತಲೂ ಕಡಿಮೆಯಾಗಿದೆ. ಇಳಿದ ವೇಗ ನಮ್ಮಲ್ಲೇ ಹೆಚ್ಚು.

ಸಾವಿನ ಭಯ ಹೋಯಿತು

ದಾದಿಯ ಒಂಬತ್ತರ ಹಿಂದೆ ಇದ್ದ ಮೊದಲ ಕಾರಣ ಸಾವು. ಯಾವ ಮಗು ಉಳಿಯುತ್ತದೆ ಅಂತ ಗೊತ್ತಿಲ್ಲದ ತಾಯಿ ಎರಡಕ್ಕೇ ‘ಸಾಕು’ ಅನ್ನುವುದು ಹೇಗೆ?

ಪುಣೆಯ ಇತಿಹಾಸದಲ್ಲಿ ಇದಕ್ಕೊಂದು ಕರುಳು ಹಿಂಡುವ ಉದಾಹರಣೆ ಇದೆ. 1865ರಲ್ಲಿ ಹುಟ್ಟಿದ ಆನಂದಿಬಾಯಿ ಜೋಶಿ ಒಂಬತ್ತನೇ ವಯಸ್ಸಿಗೆ ಮದುವೆಯಾದರು, ಹದಿನಾಲ್ಕಕ್ಕೆ ತಾಯಿಯಾದರು. ಮಗು ಹತ್ತೇ ದಿನ ಬದುಕಿತು. ಹೆಂಗಸರನ್ನು ನೋಡಲು ಹೆಣ್ಣು ವೈದ್ಯರು ಬೇಕು ಅನ್ನುವ ಹಟ ಅವರಲ್ಲಿ ಗಟ್ಟಿಯಾಯಿತು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಓದಿ 1886ರಲ್ಲಿ ವೈದ್ಯ ಪದವಿ ಪಡೆದರು. ಊರಿಗೆ ಬಂದ ಕೆಲವೇ ತಿಂಗಳಲ್ಲಿ, 1887ರ ಫೆಬ್ರವರಿಯಲ್ಲಿ, ಕ್ಷಯದಿಂದ ಪುಣೆಯಲ್ಲೇ ತೀರಿಕೊಂಡರು. ಆಗಿನ್ನೂ ಅವರಿಗೆ ಇಪ್ಪತ್ತೆರಡು ತುಂಬಿರಲಿಲ್ಲ. ಓದಿದವರ ಮನೆಯ ಹೆಣ್ಣಿಗೇ ಈ ಗತಿಯಾದರೆ ಉಳಿದವರದ್ದು ಹೇಳಬೇಕೇ?

ಸರ್ಕಾರದ ಅಂಕಿ ಅಂಶದ ಪ್ರಕಾರ 1971ರಲ್ಲಿ ದೇಶದಲ್ಲಿ ಹುಟ್ಟಿದ ಪ್ರತಿ ಸಾವಿರ ಕೂಸುಗಳಲ್ಲಿ 129 ಒಂದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 2020ರಲ್ಲಿ ಆ ಸಂಖ್ಯೆ 28. ಲಸಿಕೆ, ಆಸ್ಪತ್ರೆ ಹೆರಿಗೆ, ಭೇದಿಗೆ ಕೊಡುವ ಉಪ್ಪು-ಸಕ್ಕರೆ ನೀರು, ಶುದ್ಧ ಕುಡಿಯುವ ನೀರು ಎಲ್ಲ ಸೇರಿ ಮಾಡಿದ ಕೆಲಸ ಇದು. ಮಗು ಉಳಿಯುತ್ತದೆ ಅನ್ನುವ ಧೈರ್ಯ ಬರಲು ಸ್ವಲ್ಪ ಕಾಲ ಬೇಕು. ಹಾಗಾಗಿ ಮೊದಲು ಸಾವು ಇಳಿಯುತ್ತದೆ, ಒಂದು ತಲೆಮಾರು ಕಳೆದ ಮೇಲೆ ಹೆರಿಗೆ ಇಳಿಯುತ್ತದೆ. ಆ ನಡುವಿನ ಕಾಲದಲ್ಲಿ ಜನಸಂಖ್ಯೆ ದಿಢೀರನೆ ಏರುತ್ತದೆ. ಜನ ಹೆಚ್ಚು ಹೆರತೊಡಗಿದರು ಅಂತ ಅದರ ಅರ್ಥವಲ್ಲ, ಹೆತ್ತ ಮಕ್ಕಳು ಬದುಕತೊಡಗಿದವು ಅಂತ ಅರ್ಥ.

ಮದುವೆಯ ವಯಸ್ಸು, ವಿಧವೆಯ ಬದುಕು

ಹದಿಮೂರಕ್ಕೆ ಮದುವೆಯಾದವಳ ಮುಂದೆ ಹೆರುವ ಮೂವತ್ತಕ್ಕೂ ಹೆಚ್ಚು ವರ್ಷಗಳಿರುತ್ತವೆ. ಇಪ್ಪತ್ತನಾಲ್ಕಕ್ಕೆ ಮದುವೆಯಾದರೆ ಅದರಲ್ಲಿ ಹನ್ನೊಂದು ವರ್ಷ ಹಾಗೇ ಕಡಿತವಾಯಿತು. ಲೆಕ್ಕ ಇಷ್ಟು ಸರಳ.

ಆದರೆ ಆ ಹನ್ನೊಂದು ವರ್ಷಗಳಿಗಾಗಿ ಈ ದೇಶ ನೂರು ವರ್ಷ ಜಗಳವಾಡಿದೆ. 1891ರಲ್ಲಿ ಬ್ರಿಟಿಷ್ ಸರ್ಕಾರ ಹೆಣ್ಣಿನ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿದಾಗ ಪುಣೆಯಲ್ಲಿ ದೊಡ್ಡ ಗದ್ದಲವಾಯಿತು, ತಿಲಕರೇ ಅದನ್ನು ವಿರೋಧಿಸಿದರು. 1929ರ ಶಾರದಾ ಕಾಯ್ದೆ ಹುಡುಗಿಯ ಮದುವೆಯ ವಯಸ್ಸನ್ನು ಹದಿನಾಲ್ಕು ಮಾಡಿತು. ಹದಿನೆಂಟಾದದ್ದು 1978ರಲ್ಲಿ. ಕಾಯ್ದೆ ಬಂದ ಕೂಡಲೇ ಎಲ್ಲ ಬದಲಾಗಲಿಲ್ಲ ಅನ್ನುವುದು ನಿಮಗೂ ಗೊತ್ತು. 2005-06ರ ಸಮೀಕ್ಷೆಯಲ್ಲೂ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 47ರಷ್ಟು ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. 2019-21ರಲ್ಲಿ ಅದು ಶೇ 23ಕ್ಕೆ ಬಂತು.

ಇಲ್ಲಿ ಹೆಚ್ಚು ಜನ ಗಮನಿಸದ ಇನ್ನೊಂದು ವಿಷಯವಿದೆ. ಮುಸ್ಲಿಮರ ಮಕ್ಕಳ ಸಂಖ್ಯೆ ಹಿಂದೆ ಹೆಚ್ಚಿದ್ದುದಕ್ಕೆ ವಿಧವೆಯ ಮರುಮದುವೆಯೂ ಒಂದು ಕಾರಣ ಅಂತ ಅಮೆರಿಕದ ಜನಸಂಖ್ಯಾ ಶಾಸ್ತ್ರಜ್ಞ ಕಿಂಗ್ಸ್‌ಲಿ ಡೇವಿಸ್ 1951ರಲ್ಲೇ ಗುರುತಿಸಿದ್ದರು. ಮೇಲ್ಜಾತಿಯ ಹಿಂದೂ ಮನೆಗಳಲ್ಲಿ ಹದಿನೈದಕ್ಕೇ ಗಂಡ ತೀರಿಕೊಂಡ ಹುಡುಗಿ ಬದುಕಿಡೀ ಒಂಟಿಯಾಗಿ ಕೊರಗಬೇಕಿತ್ತು. ಧೋಂಡೋ ಕೇಶವ ಕರ್ವೆಯವರು 1893ರಲ್ಲಿ ವಿಧವೆಯೊಬ್ಬರನ್ನು ಮದುವೆಯಾಗಿ ಬಹಿಷ್ಕಾರ ಅನುಭವಿಸಿದರು. 1896ರಲ್ಲಿ ಪುಣೆಯಲ್ಲಿ ವಿಧವೆಯರಿಗಾಗಿ ಆಶ್ರಮ ಶುರುಮಾಡಿದರು. ಇಸ್ಲಾಮಿನಲ್ಲಿ ಇದ್ದತ್ ಮುಗಿದ ಮೇಲೆ ವಿಧವೆಗೆ ಮತ್ತೆ ನಿಕಾಹ್ ಆಗಲು ಯಾವ ಅಡ್ಡಿಯೂ ಇಲ್ಲ. ನಮ್ಮಲ್ಲಿ ಒಂದಷ್ಟು ಹೆಚ್ಚು ಮಕ್ಕಳು ಹುಟ್ಟಿದ್ದಕ್ಕೆ ಹೆಣ್ಣಿಗೆ ಕೊಟ್ಟ ಈ ನ್ಯಾಯವೂ ಕಾರಣ. ಆ ಬಗ್ಗೆ ನಾವು ತಲೆತಗ್ಗಿಸಬೇಕಾಗಿಲ್ಲ.

‘ನಾಲ್ಕು ಮದುವೆ’ಯ ಮಾತೂ ಇಲ್ಲೇ ಮುಗಿಸಿಬಿಡೋಣ. ಐದನೇ ಸಮೀಕ್ಷೆಯಲ್ಲಿ ತಮ್ಮ ಗಂಡನಿಗೆ ಇನ್ನೊಬ್ಬ ಹೆಂಡತಿ ಇದ್ದಾಳೆ ಅಂದ ಮುಸ್ಲಿಮ್ ಹೆಂಗಸರು ಶೇ 1.9, ಹಿಂದೂ ಹೆಂಗಸರು ಶೇ 1.3. ಎರಡೂ ಅತಿ ಕಡಿಮೆ. ಇನ್ನು ಲೆಕ್ಕವನ್ನೇ ನೋಡಿ. ಒಂದು ಊರಲ್ಲಿ ನೂರು ಗಂಡಸರು, ನೂರು ಹೆಂಗಸರು ಇದ್ದು ಒಬ್ಬ ಇಬ್ಬರನ್ನು ಕಟ್ಟಿಕೊಂಡರೆ ಇನ್ನೊಬ್ಬ ಬ್ರಹ್ಮಚಾರಿಯಾಗಿ ಉಳಿಯುತ್ತಾನೆ. ಹೆರುವವರು ಅದೇ ನೂರು ಹೆಂಗಸರು. ಮಕ್ಕಳು ಜಾಸ್ತಿಯಾಗುವುದು ಎಲ್ಲಿಂದ?

ಶಾಲೆಯ ಬಾಗಿಲು

ಎಲ್ಲ ಕಾರಣಗಳಲ್ಲಿ ಯಾವುದು ದೊಡ್ಡದು ಅಂತ ಕೇಳಿದರೆ ನಾನು ಶಾಲೆಯ ಕಡೆ ಕೈ ತೋರಿಸುತ್ತೇನೆ. 2019-21ರ ಸಮೀಕ್ಷೆಯಲ್ಲಿ ಶಾಲೆಗೇ ಹೋಗದ ಹೆಂಗಸರಿಗೆ ಸರಾಸರಿ 2.8 ಮಕ್ಕಳು, ಹನ್ನೆರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಓದಿದವರಿಗೆ 1.8. ಒಂದು ಇಡೀ ಮಗುವಿನ ಅಂತರ. ಹಿಂದೂ-ಮುಸ್ಲಿಮ್ ಅಂತರದ ಎರಡು ಪಟ್ಟಿಗೂ ಹೆಚ್ಚು.

ಓದು ಇದನ್ನು ಹೇಗೆ ಮಾಡುತ್ತದೆ? ಓದುವ ಹುಡುಗಿಯ ಮದುವೆ ಮುಂದಕ್ಕೆ ಹೋಗುತ್ತದೆ. ಓದಿದ ತಾಯಿ ಔಷಧದ ಚೀಟಿ ಓದುತ್ತಾಳೆ, ಲಸಿಕೆಯ ದಿನ ಮರೆಯುವುದಿಲ್ಲ, ಅವಳ ಮಕ್ಕಳು ಉಳಿಯುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಅತ್ತೆ ಮತ್ತು ಗಂಡನ ಮುಂದೆ ಬಾಯಿ ಬಿಟ್ಟು ಮಾತಾಡುವ ಧೈರ್ಯ ಬರುತ್ತದೆ. ನಮ್ಮ ದಾದಿಗೆ ಒಂಬತ್ತು ಬೇಕಿತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಯಾಕೆಂದರೆ ಯಾರೂ ಅವರನ್ನು ಕೇಳಲೇ ಇಲ್ಲ.

ಪುಣೆಯ ಭಿಡೆ ವಾಡೆಯಲ್ಲಿ 1848ರಲ್ಲಿ ಜ್ಯೋತಿರಾವ್ ಮತ್ತು ಸಾವಿತ್ರಿಬಾಯಿ ಫುಲೆ ಹೆಣ್ಣುಮಕ್ಕಳ ಶಾಲೆ ತೆರೆದ ಕತೆ ನಮಗೆಲ್ಲ ಗೊತ್ತು. 1856ರಲ್ಲಿ ಕಾಯಿಲೆಯಿಂದ ತವರಿಗೆ ಹೋಗಿದ್ದ ಸಾವಿತ್ರಿಬಾಯಿ ಗಂಡನಿಗೆ ಬರೆದ ಪತ್ರದಲ್ಲಿ, ತಾನಿಲ್ಲದ್ದರಿಂದ ಫಾತಿಮಾಗೆ ತೊಂದರೆಯಾಗುತ್ತಿರಬೇಕು ಅಂತ ನೆನೆಯುತ್ತಾರೆ. ಆ ಒಂದು ಹೆಸರು ನಮ್ಮ ಹೆಣ್ಣುಮಕ್ಕಳಿಗೆ ದೊಡ್ಡ ಆಸ್ತಿ. ಇವತ್ತು ಅದೇ ಊರಿನ ಕ್ಯಾಂಪ್ ಪ್ರದೇಶದ ಆಜಮ್ ಕ್ಯಾಂಪಸ್ಸಿಗೆ ಹೋಗಿ ನೋಡಿ. ಶಾಲೆಯಿಂದ ಹಿಡಿದು ಫಾರ್ಮಸಿ, ದಂತವೈದ್ಯ ಕಾಲೇಜಿನ ತನಕ ಒಂದೇ ಆವರಣದಲ್ಲಿವೆ. ಬುರ್ಖಾ ತೊಟ್ಟವರು, ತೊಡದವರು, ಬೆನ್ನಿಗೆ ಬ್ಯಾಗು ಹಾಕಿಕೊಂಡು ಗುಂಪು ಗುಂಪಾಗಿ ಹೊರಬರುತ್ತಾರೆ. ಜನಸಂಖ್ಯೆಯ ಬಗ್ಗೆ ಭಾಷಣ ಮಾಡುವವರಿಗಿಂತ ಆ ಬ್ಯಾಗುಗಳು ಹೆಚ್ಚು ಕೆಲಸ ಮಾಡಿವೆ.

ಮಗು ದುಡಿಯುವ ಕೈಯಿಂದ ಖರ್ಚಿನ ಬಾಬ್ತಿಗೆ

ಇಂಡಿಯ ತೋಟದಲ್ಲಿ ಆರು ವರ್ಷದ ಮಗು ಲಿಂಬೆ ಆರಿಸುತ್ತಿತ್ತು, ಎಂಟು ವರ್ಷದ್ದು ಆಡು ಕಾಯುತ್ತಿತ್ತು. ಮುಪ್ಪಿನಲ್ಲಿ ನೋಡಿಕೊಳ್ಳಲು ಬ್ಯಾಂಕೂ ಇಲ್ಲ, ಪಿಂಚಣಿಯೂ ಇಲ್ಲ, ಮಕ್ಕಳೇ ಎಲ್ಲ. ಪುಣೆಗೆ ಬಂದ ಮೇಲೆ ಲೆಕ್ಕ ತಲೆಕೆಳಗಾಯಿತು. ಬಾಡಿಗೆ, ಶಾಲೆ ಫೀಸು, ಟ್ಯೂಷನ್, ಯೂನಿಫಾರ್ಮ್, ಡಾಕ್ಟರ್. ಒಂದೇ ಕೋಣೆಯಲ್ಲಿ ರಾತ್ರಿ ಎಲ್ಲರೂ ಕಾಲು ಚಾಚುವುದೇ ಕಷ್ಟ.

ಆಸ್ಟ್ರೇಲಿಯಾದ ಜನಸಂಖ್ಯಾ ತಜ್ಞ ಜಾನ್ ಕಾಲ್ಡ್‌ವೆಲ್ ಇದನ್ನು ಸಂಪತ್ತಿನ ಹರಿವು ಅಂತ ಕರೆದರು. ಸಂಪತ್ತು ಮಕ್ಕಳಿಂದ ಹಿರಿಯರ ಕಡೆ ಹರಿಯುವ ತನಕ ಹೆಚ್ಚು ಮಕ್ಕಳು ಲಾಭ. ಹಿರಿಯರಿಂದ ಮಕ್ಕಳ ಕಡೆ ಹರಿಯತೊಡಗಿದರೆ ಕಡಿಮೆ ಮಕ್ಕಳೇ ಹಿತ. ಅವರು ಪತ್ನಿ ಪ್ಯಾಟ್ ಕಾಲ್ಡ್‌ವೆಲ್ ಮತ್ತು ಬೆಂಗಳೂರಿನ ಪಾಪ್ಯುಲೇಷನ್ ಸೆಂಟರಿನ ಪಿ. ಎಚ್. ರೆಡ್ಡಿ ಅವರೊಂದಿಗೆ ನಮ್ಮ ಕರ್ನಾಟಕದ ಹಳ್ಳಿಗಳಲ್ಲೇ ಉಳಿದು ಅಧ್ಯಯನ ಮಾಡಿದ್ದರು. ಅದು 1988ರಲ್ಲಿ ಪುಸ್ತಕವಾಗಿ ಬಂತು. ಎಲ್ಲರ ಮಕ್ಕಳೂ ಶಾಲೆಗೆ ಹೋಗತೊಡಗಿದಾಗ ‘ಇರುವವರನ್ನು ಚೆನ್ನಾಗಿ ಓದಿಸಬೇಕು’ ಅನ್ನುವ ಆಸೆ ಬಡವರ ಮನೆಗೂ ಬರುತ್ತದೆ. ಆ ಆಸೆ ಬಂದ ದಿನವೇ ಮಕ್ಕಳ ಸಂಖ್ಯೆ ಇಳಿಯಲು ಶುರು.

ಸಾಧನ ಕೈಗೆ ಸಿಕ್ಕಿತು

ಬೇಡ ಅಂತ ಅನಿಸಿದರೆ ಸಾಲದು, ತಡೆಯಲು ದಾರಿಯೂ ಬೇಕು. ದಾದಿಗೆ ಗೊತ್ತಿದ್ದ ದಾರಿ ಎದೆಹಾಲು ಒಂದೇ. ಎರಡು ವರ್ಷ ಹಾಲೂಡಿಸುವ ತಾಯಿಗೆ ಮುಟ್ಟು ತಡವಾಗಿ ಮರಳುತ್ತದೆ, ಮುಂದಿನ ಬಸಿರು ಸ್ವಲ್ಪ ದೂರವಾಗುತ್ತದೆ. ಆದರೆ ಅದು ನಂಬಿ ಕೂರುವಂಥದ್ದಲ್ಲ.

ಧೋಂಡೋ ಕೇಶವ ಕರ್ವೆಯವರ ಮಗ ರಘುನಾಥ ಕರ್ವೆ ಮುಂಬೈಯಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದವರು. ಸಂತಾನ ನಿಯಂತ್ರಣದ ಮಾತಾಡಿದ್ದಕ್ಕೆ ಕೆಲಸ ಬಿಡಬೇಕಾಯಿತು. 1921ರಲ್ಲಿ ಅಲ್ಲಿ ಸಲಹಾ ಕೇಂದ್ರ ತೆರೆದರು, 1927ರಿಂದ ‘ಸಮಾಜ ಸ್ವಾಸ್ಥ್ಯ’ ಪತ್ರಿಕೆ ನಡೆಸಿದರು. ಅಶ್ಲೀಲತೆಯ ಮೊಕದ್ದಮೆ ಬಿದ್ದಾಗ ಅವರ ಪರ ವಾದಿಸಿದವರಲ್ಲಿ ಅಂಬೇಡ್ಕರರೂ ಇದ್ದರು. ನಮ್ಮ ಮೈಸೂರು ಸಂಸ್ಥಾನವೂ ಹಿಂದೆ ಬೀಳಲಿಲ್ಲ. 1930ರಲ್ಲೇ ಅಲ್ಲಿ ಸರ್ಕಾರಿ ಸಂತಾನ ನಿಯಂತ್ರಣ ಕೇಂದ್ರಗಳು ತೆರೆದವು. 1952ರಲ್ಲಿ ಭಾರತ ಸರ್ಕಾರ ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮ ಮಾಡಿತು, ಜಗತ್ತಿನಲ್ಲೇ ಮೊದಲು. ಮರುವರ್ಷ ಪುಣೆಯ ಗೋಖಲೆ ಸಂಸ್ಥೆಯಿಂದ ವಿ. ಎಂ. ದಾಂಡೇಕರ್ ಮತ್ತು ಕುಮುದಿನಿ ದಾಂಡೇಕರ್ ಪುಣೆ ಜಿಲ್ಲೆಯ ಹುಟ್ಟು-ಸಾವುಗಳ ಸಮೀಕ್ಷೆ ಹೊರತಂದರು. ಮನೆ ಮನೆಗೆ ಹೋಗಿ ಹೆಂಗಸರ ಹೆರಿಗೆಯ ಲೆಕ್ಕ ಕೇಳುವ ಪರಿಪಾಠ ಬೆಳೆದದ್ದು ಇಂಥ ಕೆಲಸದಿಂದ.

ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಬಾನೂ ಕೋಯಾಜಿ ಅವರನ್ನು ಇಲ್ಲಿ ನೆನೆಯಲೇಬೇಕು. ಹೆಂಗಸರು ಆಸ್ಪತ್ರೆಗೆ ಬರುವುದಿಲ್ಲವಾದರೆ ಆಸ್ಪತ್ರೆಯೇ ಅವರ ಬಳಿ ಹೋಗಬೇಕು ಅನ್ನುವುದು ಅವರ ರೀತಿ. 1970ರ ದಶಕದಲ್ಲಿ ವಡೂ ಗ್ರಾಮದ ಸುತ್ತಲಿನ ಹಳ್ಳಿಗಳಲ್ಲಿ ಊರಿನವರನ್ನೇ ಆರೋಗ್ಯ ಕಾರ್ಯಕರ್ತರಾಗಿ ತರಬೇತಿ ಕೊಟ್ಟು ಬಿಟ್ಟರು. 1993ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇವತ್ತು ನಿಮ್ಮ ಬೀದಿಗೆ ಬರುವ ಆಶಾ ಕಾರ್ಯಕರ್ತೆ ಇದೇ ದಾರಿಯಲ್ಲಿ ನಡೆಯುತ್ತಿರುವವಳು.

ದೀನ್ ಏನು ಹೇಳುತ್ತದೆ?

ಈ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗುವುದು ಸರಿಯಲ್ಲ. ಪ್ರವಾದಿಯವರ ಕಾಲದಲ್ಲಿ, ಕುರ್‌ಆನ್ ಅವತೀರ್ಣವಾಗುತ್ತಿದ್ದಾಗಲೇ ತಾವು ಅಝ್ಲ್ ಅಂದರೆ ವೀರ್ಯ ಹೊರಬಿಡುವ ಕ್ರಮ ಅನುಸರಿಸುತ್ತಿದ್ದೆವು ಅಂತ ಸಹಾಬಿ ಜಾಬಿರ್ ಹೇಳಿದ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಇಮಾಮ್ ಗಝಾಲಿ ಅವರು ಹೆಂಡತಿಯ ಆರೋಗ್ಯ, ಹೆಚ್ಚು ಮಕ್ಕಳಿಂದಾಗುವ ಕಷ್ಟ ಇಂಥ ಕಾರಣಗಳಿಗೆ ಅದನ್ನು ಒಪ್ಪಿದರು. ಬಡತನದ ಭಯಕ್ಕೆ ಮಕ್ಕಳನ್ನು ಕೊಲ್ಲಬೇಡಿ ಅನ್ನುವ ಆಯತ್ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಅದು ಹುಟ್ಟಿದ ಮಕ್ಕಳನ್ನು ಹೂಳುತ್ತಿದ್ದ ಜನರಿಗೆ ಹೇಳಿದ ಮಾತು, ಗರ್ಭವೇ ಕಟ್ಟದಂತೆ ನೋಡಿಕೊಳ್ಳುವುದು ಬೇರೆ ಅನ್ನುವುದು ಅನೇಕ ಉಲಮಾಗಳ ವಿವರಣೆ. ಗಂಡ-ಹೆಂಡತಿ ಒಪ್ಪಿ ತಾತ್ಕಾಲಿಕ ಸಾಧನ ಬಳಸುವುದನ್ನು ಹಲವರು ಒಪ್ಪುತ್ತಾರೆ. ಶಾಶ್ವತ ಆಪರೇಷನ್ ಬಗ್ಗೆ ಭಿನ್ನಾಭಿಪ್ರಾಯವಿದೆ, ಆರೋಗ್ಯದ ಕಾರಣವಿಲ್ಲದೆ ಬೇಡ ಅನ್ನುವವರು ಹೆಚ್ಚು. ಗೊಂದಲವಿದ್ದವರು ತಿಳಿದ ಆಲಿಮರನ್ನು ಕೇಳಿ, ಜೊತೆಗೆ ವೈದ್ಯರನ್ನೂ ಕೇಳಿ.

ಧರ್ಮವೇ ಕಾರಣವಾಗಿದ್ದರೆ ಎಲ್ಲ ಕಡೆ ಮುಸ್ಲಿಮರ ಲೆಕ್ಕ ಒಂದೇ ಆಗಿರಬೇಕಿತ್ತು. 2019-21ರ ಸಮೀಕ್ಷೆಯಲ್ಲಿ ಮುಸ್ಲಿಮ್ ಬಹುಸಂಖ್ಯಾತ ಜಮ್ಮು-ಕಾಶ್ಮೀರದಲ್ಲಿ ಫಲವತ್ತತೆ ದರ 1.4, ಲಕ್ಷದ್ವೀಪದಲ್ಲೂ 1.4. ಹಿಂದೂ ಬಹುಸಂಖ್ಯಾತ ಬಿಹಾರದಲ್ಲಿ 3.0. ಇರಾನಿನಲ್ಲಿ 1980ರ ದಶಕದ ಆರಂಭದಲ್ಲಿ ಆರಕ್ಕೂ ಹೆಚ್ಚಿದ್ದದ್ದು ಇಪ್ಪತ್ತೈದು ವರ್ಷದೊಳಗೆ ಎರಡಕ್ಕಿಂತ ಕೆಳಗೆ ಬಂತು. ಬಾಂಗ್ಲಾದೇಶವೂ ಆರರ ಮೇಲಿಂದ ಎರಡರ ಹತ್ತಿರ ಇಳಿದಿದೆ. ಶಾಲೆ, ಆಸ್ಪತ್ರೆ, ದುಡಿಮೆ ಎಲ್ಲಿ ತಲುಪಿದೆಯೋ ಅಲ್ಲಿ ಹೆರಿಗೆ ಇಳಿದಿದೆ. ತಲುಪದ ಕಡೆ ಇಳಿದಿಲ್ಲ, ಅಲ್ಲಿನವರ ಧರ್ಮ ಯಾವುದೇ ಇರಲಿ.

ಬಲವಂತ ಮಾಡಿದ್ದೇನು?

ತುರ್ತು ಪರಿಸ್ಥಿತಿಯ 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಆಪರೇಷನ್‌ಗಳಾದವು, ಹೆಚ್ಚಿನವು ಗಂಡಸರಿಗೆ. ಹರಿಯಾಣದ ಉಟಾವಡ್ ಎಂಬ ಮೇವಾತಿ ಮುಸ್ಲಿಮರ ಹಳ್ಳಿಯನ್ನು ಪೊಲೀಸರು ಸುತ್ತುವರಿದು ಗಂಡಸರನ್ನು ಎಳೆದೊಯ್ದರು. ಮಹಾರಾಷ್ಟ್ರ ವಿಧಾನಮಂಡಲ ಮೂರು ಮಕ್ಕಳ ಮೇಲೆ ಕಡ್ಡಾಯ ಆಪರೇಷನ್ ಮಾಡಿಸುವ ಮಸೂದೆಯನ್ನೇ ಪಾಸು ಮಾಡಿತ್ತು. ರಾಷ್ಟ್ರಪತಿಗಳ ಅಂಕಿತ ಸಿಗದೆ ಅದು ಕಾಯ್ದೆಯಾಗಲಿಲ್ಲ.

ಇದರ ಫಲ ಏನು? ಕುಟುಂಬ ಯೋಜನೆ ಅಂದರೆ ಸರ್ಕಾರದ ಸಂಚು ಅನ್ನುವ ಸಂಶಯ ನಮ್ಮ ಮೊಹಲ್ಲಾಗಳಲ್ಲಿ ಬೇರೂರಿತು. ಗಂಡಸರ ಆಪರೇಷನ್ ಹೆಚ್ಚುಕಡಿಮೆ ನಿಂತೇಹೋಯಿತು, ಭಾರವೆಲ್ಲ ಹೆಂಗಸರ ಮೇಲೆ ಬಿತ್ತು. 2019-21ರಲ್ಲಿ ದೇಶದ ದಂಪತಿಗಳಲ್ಲಿ ಹೆಂಡತಿಗೆ ಆಪರೇಷನ್ ಆದವರು ಶೇ 38, ಗಂಡನಿಗೆ ಆದವರು ಶೇ 0.3. ಗಂಡಸಿನದು ಸಣ್ಣ ಆಪರೇಷನ್, ಹೊಟ್ಟೆ ಕೊಯ್ಯುವ ಹಾಗಿಲ್ಲ, ಅದೇ ದಿನ ಮನೆಗೆ ಹೋಗಬಹುದು. ಆದರೂ ಹೊಟ್ಟೆ ಕೊಯ್ಯಿಸಿಕೊಳ್ಳುವವಳು ಹೆತ್ತವಳೇ. ಹೆರುವುದೂ ಅವಳ ಪಾಲು, ಹೆರದಂತೆ ನೋಡಿಕೊಳ್ಳುವುದೂ ಅವಳ ಪಾಲು. ಹೆರಿಗೆ ಕಡಿಮೆಯಾದ ಮಾತ್ರಕ್ಕೆ ಹೆಣ್ಣಿಗೆ ನ್ಯಾಯ ಸಿಕ್ಕಿತು ಅನ್ನಲಾಗದು.

ಇನ್ನೊಂದು ಅಪಾಯವೂ ಇದೆ. ಮಕ್ಕಳು ಎರಡೇ ಸಾಕು ಅಂದಾಗ, ಎರಡರಲ್ಲಿ ಒಂದಾದರೂ ಗಂಡಾಗಿರಲಿ ಅನ್ನುವ ಒತ್ತಡ ಬರುತ್ತದೆ. ಭ್ರೂಣದ ಲಿಂಗ ಪತ್ತೆಯ ವಿರುದ್ಧ ದೇಶದಲ್ಲೇ ಮೊದಲು, 1988ರಲ್ಲಿ, ಕಾಯ್ದೆ ತಂದದ್ದು ಮಹಾರಾಷ್ಟ್ರ. ಆದರೂ 2011ರ ಜನಗಣತಿಯಲ್ಲಿ ಆ ರಾಜ್ಯದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳು 900ಕ್ಕೂ ಕಡಿಮೆ. ದೇಶದ ಮುಸ್ಲಿಮರಲ್ಲಿ ಈ ಸಂಖ್ಯೆ 943. ನಮ್ಮದು ತುಸು ಮೇಲು. ಮಕ್ಕಳ ಸಂಖ್ಯೆ ಇನ್ನೂ ಇಳಿದಾಗಲೂ ಇದನ್ನು ಉಳಿಸಿಕೊಳ್ಳಬೇಕು.

ಬೇಕೆಂದರೂ ಆಗದವರು

ಇಷ್ಟು ಹೊತ್ತು ಬೇಡ ಅಂದವರ ಮಾತಾಯಿತು. ಬೇಕೆಂದರೂ ಮಗು ಆಗದವರ ನೋವು ಬೇರೆ. ಹೆಣ್ಣಿನ ಅಂಡಗಳು ವಯಸ್ಸಿನ ಜೊತೆ ಕಡಿಮೆಯಾಗುತ್ತವೆ, 35ರ ನಂತರ ಇಳಿಕೆ ವೇಗ ಪಡೆಯುತ್ತದೆ. ಓದು, ಕೆಲಸ ಅಂತ ಮದುವೆ ತಡವಾಗುವ ಪುಣೆ, ಬೆಂಗಳೂರಿನಂಥ ಊರುಗಳಲ್ಲಿ ಇದನ್ನು ತಿಳಿದಿರುವುದು ಒಳ್ಳೆಯದು. ಪಿಸಿಓಎಸ್, ಥೈರಾಯ್ಡ್, ಗರ್ಭನಾಳಕ್ಕೆ ತಗಲುವ ಕ್ಷಯ ಇವೂ ಕಾರಣವಾಗುತ್ತವೆ, ಎಲ್ಲಕ್ಕೂ ಚಿಕಿತ್ಸೆಯಿದೆ. ಗಂಡಸಿನಲ್ಲೂ ದೋಷವಿರಬಹುದು, ಆದ್ದರಿಂದ ಇಬ್ಬರೂ ಒಟ್ಟಿಗೇ ಪರೀಕ್ಷೆ ಮಾಡಿಸಿಕೊಳ್ಳಬೇಕು. ಸೊಸೆಯನ್ನು ದರ್ಗಾದಿಂದ ದರ್ಗಾಕ್ಕೆ ಅಲೆದಾಡಿಸಿ ಮಗನನ್ನು ಡಾಕ್ಟರ ಬಳಿಗೂ ಕಳಿಸದ ಮನೆಗಳು ನಮ್ಮಲ್ಲಿ ಇನ್ನೂ ಇವೆ.

ಕೊನೆಯ ಮಾತು

ಕೋಂಢವಾದ ಆ ಮೊಮ್ಮಗಳ ಕಡೆ ಮತ್ತೆ ಬರೋಣ. ಅವಳ ಎರಡು ಮಕ್ಕಳು ಯಾರ ಭಾಷಣದಿಂದಲೂ ಬಂದ ಲೆಕ್ಕವಲ್ಲ. ಲಸಿಕೆ ಹಾಕಿದ ನರ್ಸು, ಶಾಲೆಗೆ ಕಳಿಸಿದ ಅಬ್ಬಾ, ಏಳನೇ ಇಯತ್ತೆಗೆ ತನ್ನ ಓದು ನಿಂತ ನೋವನ್ನು ಮಗಳಿಗೆ ದಾಟಿಸದ ಅಮ್ಮಿ, ಹೆಂಡತಿಯ ಮಾತು ಕೇಳಿದ ಗಂಡ, ಇವರೆಲ್ಲ ಸೇರಿ ಆ ಲೆಕ್ಕ ಬರೆದಿದ್ದಾರೆ. ನಾಳೆ ಅವಳು ಮೂರನೆಯದು ಬೇಕು ಅಂದರೆ ಅದೂ ಅವರಿಬ್ಬರ ತೀರ್ಮಾನ. ಅವಳ ಹೊಟ್ಟೆಯ ಮೇಲೆ ಸರ್ಕಾರಕ್ಕೂ ಹಕ್ಕಿಲ್ಲ, ಮೊಹಲ್ಲಾಕ್ಕೂ ಹಕ್ಕಿಲ್ಲ.

ಮಗುವಿಗೆ ಎರಡು ವರ್ಷ ಹಾಲೂಡಿಸುವ ವಿಷಯ ಹೇಳುವ ಅಲ್ ಬಕರಾ ಅಧ್ಯಾಯದ 233ನೇ ಆಯತ್ ನೋಡಿ. ಹಾಲು ಬಿಡಿಸುವಂಥ ವಿಷಯದಲ್ಲೂ ತಾಯಿ-ತಂದೆ ಪರಸ್ಪರ ಒಪ್ಪಿ, ಸಮಾಲೋಚಿಸಿ ನಿರ್ಧರಿಸಬೇಕು ಅನ್ನುವುದು ಅದರ ಆಶಯ. ಹಾಲು ಬಿಡಿಸುವುದಕ್ಕೇ ಅವಳನ್ನು ಕೇಳಬೇಕಾದರೆ, ಹೆರುವುದಕ್ಕೆ ಕೇಳುವುದು ಬೇಡವೇ?

ಓದಿ ಮುಗಿಸಿದ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ದಾದಿ ಇನ್ನೂ ಇದ್ದರೆ ಅವರ ಪಕ್ಕದಲ್ಲಿ ಕುಳಿತು, ‘ನಿಮಗೆ ಎಷ್ಟು ಮಕ್ಕಳು ಬೇಕಿತ್ತು?’ ಅಂತ ಕೇಳಿ. ಬಹುಶಃ ಈ ಪ್ರಶ್ನೆಯನ್ನು ಅವರಿಗೆ ಕೇಳುವ ಮೊದಲಿಗರು ನೀವೇ ಆಗಿರುತ್ತೀರಿ.